ಅಳಿವೆಯ ಮೀನು, ಅಳಿವಿನ ಲೆಕ್ಕ

ಅಮೆರಿಕದ ಪೂರ್ವ ಕರಾವಳಿಯಲ್ಲಿ ನದಿಗಳು ಕಡಲು ಸೇರುವ ಅಳಿವೆಗಳ ಕೆಸರುನೀರಿನಲ್ಲಿ ಬೆರಳುದ್ದದ ಮೀನೊಂದು ಹಿಂಡು ಹಿಂಡಾಗಿ ಬದುಕುತ್ತದೆ. ಅಟ್ಲಾಂಟಿಕ್ ಕಿಲ್ಲಿಫಿಶ್ ಎಂದು ಅದರ ಹೆಸರು. ಅಡುಗೆಮನೆಗೆ ಅದು ಹೋಗುವುದಿಲ್ಲ. ದೊಡ್ಡ ಮೀನು ಹಿಡಿಯುವವರು ಗಾಳಕ್ಕೆ ಸಿಕ್ಕಿಸುತ್ತಾರೆ, ಅಷ್ಟೆ. ಹುಟ್ಟಿದ ತೊರೆಯನ್ನು ಬಿಟ್ಟು ಅದು ಹೆಚ್ಚು ದೂರ ಹೋಗುವುದೂ ಇಲ್ಲ. ಕಳೆದ ಶತಮಾನದಲ್ಲಿ ಈ ಅಳಿವೆಗಳಲ್ಲಿ ಕೆಲವು ಕಾರ್ಖಾನೆಗಳ ಕೊಳೆಗುಂಡಿಗಳಾದವು. ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫೋರ್ಡ್ ಬಂದರಿಗೆ 1940ರ ದಶಕದಿಂದ 1970ರ ದಶಕದವರೆಗೆ ವಿದ್ಯುತ್ ಉಪಕರಣಗಳ ಕಾರ್ಖಾನೆಗಳಿಂದ ಪಿಸಿಬಿ ಎಂಬ ವಿಷ ಹರಿದು ಬಂತು. ನ್ಯೂಜೆರ್ಸಿಯ ನೆವಾರ್ಕ್ ಕೊಲ್ಲಿಯ ತಳದಲ್ಲಿ ಡಯಾಕ್ಸಿನ್ ಕೂತಿತು. ವರ್ಜೀನಿಯಾದ ಎಲಿಜಬೆತ್ ನದಿಯ ಹೂಳಿನಲ್ಲಿ, ಮರದ ದಿಮ್ಮಿಗಳು ಕೊಳೆಯದಂತೆ ಬಳಿಯುವ ಡಾಂಬರಿನಂಥ ಎಣ್ಣೆ ಸೇರಿತು. ಶುದ್ಧ ನೀರಿನ ಕಿಲ್ಲಿಫಿಶ್ ಮೊಟ್ಟೆಗಳನ್ನು ಈ ವಿಷಕ್ಕೆ ಒಡ್ಡಿದರೆ ಭ್ರೂಣದ ಹೃದಯ ಸರಿಯಾಗಿ ರೂಪುಗೊಳ್ಳದೆ ಮರಿಗಳು ಸಾಯುತ್ತವೆ. ಹಾಗಿದ್ದರೆ ಈ ಅಳಿವೆಗಳಲ್ಲಿ ಕಿಲ್ಲಿಫಿಶ್ ಇರಲೇಬಾರದಿತ್ತು. ಆದರೆ ಅವು ಇವೆ, ಬೇಕಾದಷ್ಟಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಆಂಡ್ರ್ಯೂ ವೈಟ್‌ಹೆಡ್ ಮತ್ತು ಸಂಗಡಿಗರು ಇಂಥ ನಾಲ್ಕು ವಿಷದ ಅಳಿವೆಗಳ ಮೀನುಗಳನ್ನೂ ಹತ್ತಿರದ ನಾಲ್ಕು ಶುದ್ಧ ಅಳಿವೆಗಳ ಮೀನುಗಳನ್ನೂ ತಂದು, ಸುಮಾರು 400 ಮೀನುಗಳ ಇಡೀ ಜೀನೋಮನ್ನು ಓದಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯ ಕಿಲ್ಲಿಫಿಶ್ ತಾಳುವ ಪ್ರಮಾಣಕ್ಕಿಂತ 8,000 ಪಟ್ಟಿನವರೆಗೂ ಹೆಚ್ಚು ವಿಷವನ್ನು ಈ ಮೀನುಗಳು ತಾಳಬಲ್ಲವು ಎಂಬುದು ಅವರು ಕಂಡ ಸಂಗತಿ.

ಇದು ಹೇಗಾಯಿತು ಎಂಬುದರಲ್ಲೇ ಈ ಅಧ್ಯಾಯದ ವಾದದ ಬೀಜವಿದೆ. ಮೀನಿನ ಜೀವಕೋಶದಲ್ಲಿ ಇಂಥ ವಿಷಗಳನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನು ಇದೆ. ವಿಷದ ಅಣು ಅದಕ್ಕೆ ಅಂಟಿಕೊಂಡ ಕೂಡಲೇ ಅದು ಹತ್ತಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಬೆಳೆಯುತ್ತಿರುವ ಭ್ರೂಣದಲ್ಲಿ ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ಎದ್ದ ಜೀನ್‌ಗಳೇ ಹೃದಯವನ್ನು ಕೆಡಿಸುತ್ತವೆ. ವಿಷ ತಾಳಬಲ್ಲ ಮೀನುಗಳಲ್ಲಿ ಈ ಕರೆಗಂಟೆ ಮಂಕಾಗಿದೆ. ವಿಷ ಒತ್ತಿದರೂ ಅದು ಮೊಳಗುವುದಿಲ್ಲ. ನಾಲ್ಕೂ ಅಳಿವೆಗಳಲ್ಲಿ ಕೆಟ್ಟದ್ದು ಇದೇ ಗಂಟೆ, ಆದರೆ ಕೆಟ್ಟ ಬಗೆ ಒಂದೊಂದು ಕಡೆ ಒಂದೊಂದು. ಒಂದೆಡೆ ಜೀನಿನ ಒಂದು ತುಂಡೇ ಬಿಟ್ಟುಹೋಗಿದೆ, ಇನ್ನೊಂದೆಡೆ ಬೇರೆ ಕಡೆ ಬದಲಾವಣೆಯಾಗಿದೆ. ಇಂಥ ಬದಲಾವಣೆಗಳಲ್ಲಿ ಹೆಚ್ಚಿನವು ಕಾರ್ಖಾನೆ ಬಂದ ಮೇಲೆ ಹೊಸದಾಗಿ ಹುಟ್ಟಿದವಲ್ಲ ಎಂಬುದು ಇಲ್ಲಿ ಬಹಳ ಮುಖ್ಯ. ಕೋಟಿಗಟ್ಟಲೆ ಮೀನುಗಳ ನಡುವೆ, ಎಲ್ಲೋ ಕೆಲವದರಲ್ಲಿ, ಯಾರಿಗೂ ಬೇಡದ ಸಣ್ಣ ದೋಷಗಳಾಗಿ ಅವು ಮೊದಲೇ ಇದ್ದವು. ವಿಷ ಬಂದ ದಿನ ಆ ದೋಷವೇ ವರವಾಯಿತು. ಉಳಿದ ಮೀನುಗಳು ಸತ್ತವು, ಅವು ಬಿಟ್ಟುಹೋದ ಜಾಗವನ್ನು ಈ ಕೆಲವದರ ಮಕ್ಕಳು ಮೊಮ್ಮಕ್ಕಳು ತುಂಬಿದರು.

ವಿಕಾಸ ಎಂದರೆ ಲಕ್ಷಾಂತರ ವರ್ಷಗಳ ಕೆಲಸ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಡಾರ್ವಿನ್ನನೂ ಹಾಗೆಯೇ ನಂಬಿದ್ದ. ಈಗ ಕೆಲವೇ ದಶಕಗಳಲ್ಲಿ, ಕೆಲವೇ ತಲೆಮಾರುಗಳಲ್ಲಿ ಅದು ನಡೆಯುವುದನ್ನು ಅಳೆದು ನೋಡಿದ್ದೇವೆ. ಹಾಗಾದರೆ ಬಿಸಿಯಾಗುತ್ತಿರುವ, ಕೊಳೆಯುತ್ತಿರುವ ಈ ಭೂಮಿಯಲ್ಲಿ ಕುಸಿಯುತ್ತಿರುವ ಜೀವಿಗಳನ್ನು ವಿಕಾಸವೇ ಕಾಪಾಡೀತೆ? ಕೆಲವನ್ನು ಕಾಪಾಡುತ್ತದೆ, ಈಗಲೂ ಕಾಪಾಡುತ್ತಿದೆ. ಆದರೆ ಅದರ ಆಸರೆ ಸಿಗುವುದು ಸಂಖ್ಯೆ ಹೆಚ್ಚಿರುವವರಿಗೆ, ಬೇಗ ಮರಿ ಹಾಕುವವರಿಗೆ, ಒಳಗೊಳಗೇ ವೈವಿಧ್ಯವನ್ನು ಉಳಿಸಿಕೊಂಡವರಿಗೆ. ನಾವು ಯಾವ ಜೀವಿಗಳಿಗಾಗಿ ಹೆಚ್ಚು ಮರುಗುತ್ತೇವೆಯೋ ಅವುಗಳಲ್ಲಿ ಬಹುಪಾಲು ಈ ಗುಂಪಿಗೆ ಸೇರಿಲ್ಲ. ಈ ಅಸಮತೆಯನ್ನು ಅರಿಯದೆ ವನ್ಯಜೀವಿ ರಕ್ಷಣೆಯ ಯೋಜನೆ ಮಾಡುವುದು ತಪ್ಪು ಎಂಬುದು ನನ್ನ ವಾದ.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. 1957ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ 'ನೈಸರ್ಗಿಕ ಆಯ್ಕೆಯ ವೆಚ್ಚ' ಎಂಬ ಅರ್ಥದ ಶೀರ್ಷಿಕೆಯಡಿ ಒಂದು ಪ್ರಬಂಧ ಬರೆದರು. ಬ್ರಿಟನ್ನಿನಲ್ಲಿ ಹುಟ್ಟಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಆ ಮಹಾ ವಿಜ್ಞಾನಿ ಇದನ್ನು ಪ್ರಕಟಿಸಿದ್ದು ತಾವೇ ಸಂಪಾದಿಸುತ್ತಿದ್ದ 'ಜರ್ನಲ್ ಆಫ್ ಜೆನೆಟಿಕ್ಸ್'ನಲ್ಲಿ. ಆ ಪತ್ರಿಕೆ ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯಿಂದ ಹೊರಬರುತ್ತಿದೆ. ಹಾಲ್ಡೇನ್ ಹಿಡಿದದ್ದು ಎಲ್ಲರ ಕಣ್ಣೆದುರಿಗಿದ್ದ, ಆದರೆ ಯಾರೂ ಎಣಿಸದ ಸಂಗತಿಯನ್ನು. ಆಯ್ಕೆ ಎಂದರೆ ಸಾವು. ಹೊಸ ಜೀನು ಹಳೆಯದರ ಜಾಗ ಹಿಡಿಯಬೇಕಾದರೆ ಹಳೆಯದನ್ನು ಹೊತ್ತ ಜೀವಿಗಳು ಸಾಯಬೇಕು, ಇಲ್ಲವೇ ಮಕ್ಕಳಿಲ್ಲದೆ ಹೋಗಬೇಕು. ಒಂದೇ ಒಂದು ಜೀನು ಪೂರ್ತಿ ಬದಲಾಗಲು ತೆರಬೇಕಾದ ಒಟ್ಟು ಸಾವು, ಒಂದು ತಲೆಮಾರಿನ ಜೀವಿಗಳ ಸಂಖ್ಯೆಯ ಸುಮಾರು 30 ಪಟ್ಟು ಎಂದು ಅವರು ಲೆಕ್ಕ ಹಾಕಿದರು. ಈ ಸಾಲವನ್ನು ನಿಧಾನವಾಗಿ ತೀರಿಸಿದರೆ ಸುಮಾರು 300 ತಲೆಮಾರು ಬೇಕು. ಆತುರದಲ್ಲಿ ತೀರಿಸಹೊರಟರೆ ಪ್ರತಿ ತಲೆಮಾರಿನಲ್ಲೂ ಸಾಯುವವರ ಪಾಲು ಹೆಚ್ಚಬೇಕು. ಹಾಗೆ ಹೆಚ್ಚುತ್ತ ಹೋದರೆ ಬದಲಾವಣೆ ಮುಗಿಯುವ ಮೊದಲೇ ಬದಲಾಗಬೇಕಾದವರೇ ಮುಗಿದುಹೋಗಬಹುದು.

ಹಾಗಾದರೆ ಕಿಲ್ಲಿಫಿಶ್ ಕೆಲವೇ ದಶಕಗಳಲ್ಲಿ ಈ ಸಾಲ ತೀರಿಸಿದ್ದು ಹೇಗೆ ಎಂದು ಕೇಳಬಹುದು. ಹೆಣ್ಣು ಮೀನು ನೂರಾರು ಮೊಟ್ಟೆಯಿಡುತ್ತದೆ. ವಿಷವಿರಲಿ ಇಲ್ಲದಿರಲಿ, ಅವುಗಳಲ್ಲಿ ಬಹುಪಾಲು ಮರಿಗಳು ಹಸಿವಿಗೋ ಏಡಿಯ ಬಾಯಿಗೋ ಹೋಗಿಯೇ ತೀರುತ್ತವೆ. ವಿಷ ಕೊಂದದ್ದರಲ್ಲಿ ಒಂದು ಪಾಲು ಹೇಗಿದ್ದರೂ ಸಾಯುತ್ತಿದ್ದವನ್ನೇ. ಅಲ್ಲದೆ ಬೇಕಾದ ಜೀನು ಲಕ್ಷಕ್ಕೊಂದರಂತೆ ಅಲ್ಲ, ಅದಕ್ಕಿಂತ ಹೆಚ್ಚು ಕಡೆ ಆಗಲೇ ಹರಡಿತ್ತು. ಸೊನ್ನೆಯಿಂದ ಶುರು ಮಾಡಬೇಕಿರಲಿಲ್ಲ. ಮಳೆ ತಡವಾದ ವರ್ಷ ಬಿತ್ತನೆ ಬೀಜವನ್ನೇ ಬೇಯಿಸಿ ಉಣ್ಣುವ ಮನೆಯನ್ನು ನೆನೆಯಿರಿ. ಕಣಜ ತುಂಬಿದ್ದವನು ಮಳೆ ಬರುವವರೆಗೆ ತಿಂದರೂ ಬಿತ್ತಲು ನಾಲ್ಕು ಸೇರು ಮಿಗುತ್ತದೆ. ಮಡಕೆಯ ತಳದಲ್ಲಿ ಬೀಜವಿದ್ದವನಿಗೆ ಮಳೆ ಬಂದ ದಿನ ಬಿತ್ತಲು ಏನೂ ಇರುವುದಿಲ್ಲ. 1995ರಲ್ಲಿ ರಿಚರ್ಡ್ ಗೊಮುಲ್ಕೀವಿಚ್ ಮತ್ತು ರಾಬರ್ಟ್ ಹೋಲ್ಟ್ ಇದನ್ನೇ ಗಣಿತದಲ್ಲಿ ತೋರಿಸಿದರು. ಪರಿಸರ ಕೆಟ್ಟಾಗ ಸಂಖ್ಯೆ ಇಳಿಯುತ್ತದೆ. ಒಳಗೆ ಆಯ್ಕೆ ನಡೆದಂತೆ ಇಳಿತ ನಿಧಾನವಾಗಿ, ಒಂದು ತಳ ಮುಟ್ಟಿ, ಮತ್ತೆ ಏರುತ್ತದೆ. ಆ ತಳ ಎಷ್ಟು ಆಳ, ಅಲ್ಲಿ ಎಷ್ಟು ಕಾಲ ಕಳೆಯಬೇಕು ಎಂಬುದರ ಮೇಲೆ ಉಳಿವು ನಿಂತಿದೆ. ತೀರ ಕಡಿಮೆ ಸಂಖ್ಯೆಯಲ್ಲಿ ಒಂದು ಬರಗಾಲ, ಒಂದು ಪ್ರವಾಹ, ಗಂಡು ಹೆಣ್ಣುಗಳ ಲೆಕ್ಕದಲ್ಲಿ ಒಂದಿಷ್ಟು ಏರುಪೇರು ಸಾಕು, ಕಥೆ ಮುಗಿಯುತ್ತದೆ. ಮಾಂಟ್ರಿಯಲ್‌ನ ಗ್ರಹಾಂ ಬೆಲ್ ಮತ್ತು ಆಂಡ್ರ್ಯೂ ಗೊನ್ಸಾಲೆಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬ್ರೆಡ್ಡು ಉಬ್ಬಿಸುವ ಯೀಸ್ಟನ್ನು ಮಾರಕ ಪ್ರಮಾಣದ ಉಪ್ಪಿಗೆ ಹಾಕಿ ಇದನ್ನು ಕಣ್ಣಾರೆ ಕಂಡರು. ಚಿಕ್ಕ ಗುಂಪುಗಳು ಅಳಿದವು. ದೊಡ್ಡ ಗುಂಪುಗಳು ಮೊದಲು ಕುಸಿದು ಮತ್ತೆ ಎದ್ದವು.

ಸಂದೇಹವಾದಿಗಳ ಮೊದಲ ಪ್ರಶ್ನೆ ನ್ಯಾಯವಾದದ್ದೇ. ಒಂದು ಜೀವಿ ಕುಸಿದು ಚೇತರಿಸಿಕೊಂಡಿತು ಎಂದ ಮಾತ್ರಕ್ಕೆ ಅದಕ್ಕೆ ವಿಕಾಸವೇ ಕಾರಣ ಎನ್ನುವುದು ಹೇಗೆ? ವಿಷ ಕಡಿಮೆಯಾಗಿರಬಹುದು, ರೋಗ ಸೌಮ್ಯವಾಗಿರಬಹುದು, ಇದ್ದ ಜೀವಿಗಳೇ ಒಗ್ಗಿಕೊಂಡಿರಬಹುದು. ಈ ಎಳೆಗಳನ್ನು ಬಿಡಿಸಿದ ಅತ್ಯುತ್ತಮ ಉದಾಹರಣೆ ಆಸ್ಟ್ರೇಲಿಯದ ಮೊಲಗಳದು. 1859ರಲ್ಲಿ ಇಂಗ್ಲೆಂಡಿನಿಂದ ತಂದು ಬಿಟ್ಟ ಮೊಲಗಳು ಆ ಖಂಡದ ಹುಲ್ಲುಗಾವಲನ್ನು ಬೋಳಿಸಿದ್ದವು. 1950ರಲ್ಲಿ ಅವುಗಳ ಮೇಲೆ ದಕ್ಷಿಣ ಅಮೆರಿಕದ ಮಿಕ್ಸೋಮಾ ವೈರಸ್ ಬಿಟ್ಟರು. ಮೊದಲಿಗೆ ಸೋಂಕು ತಗುಲಿದ ಮೊಲಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಸತ್ತವು. ಬರಬರುತ್ತ ಸಾವು ಇಳಿಯಿತು. ವೈರಸ್ಸೂ ಸೌಮ್ಯವಾಗಿತ್ತು, ಆದ್ದರಿಂದ ಮೊಲ ಬದಲಾಗಿದೆಯೇ ಎಂಬುದು ಮೇಲುನೋಟಕ್ಕೆ ಗೊತ್ತಾಗುವಂತಿರಲಿಲ್ಲ. ಫ್ರಾಂಕ್ ಫೆನ್ನರ್ ಮತ್ತು ಇಯಾನ್ ಮಾರ್ಷಲ್ ಒಂದು ಸರಳ ಉಪಾಯ ಮಾಡಿದರು. ನ್ಯೂ ಸೌತ್ ವೇಲ್ಸ್‌ನ ಯುರಾನಾ ಸರೋವರದ ಬಳಿ ಒಂದೊಂದು ಸಾಂಕ್ರಾಮಿಕದ ಅಲೆ ಮುಗಿದ ಮೇಲೆ ಹುಟ್ಟಿದ, ಇನ್ನೂ ಸೋಂಕು ಕಾಣದ ಮರಿಗಳನ್ನು ಹಿಡಿದು ತಂದು, ತೆಗೆದಿಟ್ಟಿದ್ದ ಒಂದೇ ವೈರಸ್ ತಳಿಯನ್ನು ಅವಕ್ಕೆ ಚುಚ್ಚಿದರು. ಅದೇ ವೈರಸ್ಸಿಗೆ ಮೊದಲು ನೂರಕ್ಕೆ 90 ಮೊಲಗಳು ಸಾಯುತ್ತಿದ್ದವು. ಏಳು ಅಲೆಗಳ ನಂತರ ಸುಮಾರು 25 ಮಾತ್ರ. ಇಲ್ಲಿ ವೈರಸ್ ಬದಲಾಗಿಲ್ಲ, ಮರಿಗಳಿಗೆ ರೋಗದ ಪರಿಚಯವಿಲ್ಲ. ಉಳಿಯುವುದು ಅಪ್ಪ ಅಮ್ಮನಿಂದ ಬಂದದ್ದು ಮಾತ್ರ. 2019ರಲ್ಲಿ ಸಂಗ್ರಹಾಲಯಗಳ ಹಳೆಯ ಮೊಲಗಳ ಜೀನೋಮನ್ನು ಇಂದಿನವುಗಳ ಜೊತೆ ಹೋಲಿಸಿದಾಗ ಆಸ್ಟ್ರೇಲಿಯ, ಬ್ರಿಟನ್, ಫ್ರಾನ್ಸ್ ಮೂರೂ ಕಡೆ ಅವೇ ಜೀನ್‌ಗಳು ಒಂದೇ ದಿಕ್ಕಿನಲ್ಲಿ ಬದಲಾಗಿರುವುದು ಕಂಡಿತು. ಕಿಲ್ಲಿಫಿಶ್‌ಗಳಲ್ಲೂ ಇದೇ ಪರೀಕ್ಷೆ ನಡೆದಿದೆ. ವಿಷದ ಅಳಿವೆಯ ಮೀನುಗಳ ಸಂತಾನವನ್ನು ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಬೆಳೆಸಿದರೂ ತಾಳಿಕೆ ಹೋಗುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹೀಗೆ ಉಳಿದ ಜೀವಿ ತೆತ್ತ ಬೆಲೆ ಏನು? ಹವಾಯಿಯ ಕವಾಯಿ ದ್ವೀಪದಲ್ಲಿ ಗಂಡು ಚಿಮ್ಮಂಡೆಗಳು, ಅಂದರೆ ನಾವು ರಾತ್ರಿ ಕೇಳುವ ಹುಳುಗಳ ಬಂಧುಗಳು, ರೆಕ್ಕೆ ಉಜ್ಜಿ ಹಾಡಿ ಹೆಣ್ಣನ್ನು ಕರೆಯುತ್ತವೆ. ಅದೇ ಹಾಡನ್ನು ಕೇಳಿ ಒಂದು ಪರಾವಲಂಬಿ ನೊಣವೂ ಬರುತ್ತದೆ, ಅದರ ಮರಿಹುಳು ಹಾಡುಗಾರನ ಒಳಗೇ ಬೆಳೆದು ಅವನನ್ನು ತಿಂದು ಮುಗಿಸುತ್ತದೆ. ಜೀವವಿಜ್ಞಾನಿ ಮರ್ಲೀನ್ ಜುಕ್ 1990ರ ದಶಕದುದ್ದಕ್ಕೂ ಅಲ್ಲಿ ಹಾಡು ಕ್ಷೀಣಿಸುವುದನ್ನು ಕೇಳುತ್ತ ಬಂದಿದ್ದರು. 2003ರಲ್ಲಿ ಹೋದಾಗ ದ್ವೀಪ ಹೆಚ್ಚುಕಡಿಮೆ ಮೌನವಾಗಿತ್ತು, ಹುಳುಗಳು ಮಾತ್ರ ತುಂಬಾ ಇದ್ದವು. ಗಂಡುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಹಾಡಲಾರದವು. ರೆಕ್ಕೆಯ ಮೇಲಿನ ಉಜ್ಜುವ ಅಚ್ಚು ಅಳಿಸಿಹೋಗಿತ್ತು. ಒಂದೇ ಜೀನಿನ ಬದಲಾವಣೆ, 20 ತಲೆಮಾರುಗಳ ಒಳಗೆ. ನೊಣದಿಂದ ಪಾರಾದರು, ನಿಜ. ಆದರೆ ಹಾಡಿಲ್ಲದ ಗಂಡು ಹೆಣ್ಣನ್ನು ಪಡೆಯುವುದು ಇನ್ನೂ ಹಾಡುವ ಯಾರಾದರೊಬ್ಬನ ಅಕ್ಕಪಕ್ಕ ಕಾದು ಕುಳಿತು. ಹಾಡುವವರೆಲ್ಲ ಇಲ್ಲವಾದರೆ ಮೌನಿಗಳ ಗತಿಯೂ ಕಷ್ಟ. ಬರ ತಾಳುವುದಕ್ಕೆ ಬದಲಾದ ಗಿಡ ರೋಗಕ್ಕೆ ಸೋಲಬಹುದು, ಒಂದು ವಿಷಕ್ಕೆ ಒಗ್ಗಿದ ಮೀನು ಮತ್ತೊಂದು ಒತ್ತಡಕ್ಕೆ ಮೆತ್ತಗಾಗಬಹುದು. ಎಲ್ಲಕ್ಕಿಂತ ದೊಡ್ಡ ಬೆಲೆ, ತಳ ಮುಟ್ಟಿದ ಹೊತ್ತಿನಲ್ಲಿ ಕಳೆದುಹೋದ ವೈವಿಧ್ಯ. ಉಳಿದ ಕೆಲವರ ಮಕ್ಕಳಿಂದಲೇ ಕಟ್ಟಿದ ಸಂತತಿಗೆ ಮುಂದಿನ ಆಘಾತದಲ್ಲಿ ಆರಿಸಿಕೊಳ್ಳಲು ಕಡಿಮೆ ಇರುತ್ತದೆ. ಹೀಗಾಗಿ ಒಮ್ಮೆ ಪಾರಾದದ್ದನ್ನು ಸದಾಕಾಲ ಪಾರಾದಂತೆ ಎಣಿಸಬಾರದು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದು ನನ್ನ ವಾದವನ್ನು ಬಲಪಡಿಸುತ್ತದೆ.

ಇನ್ನು ವಿಕಾಸ ಕೈಹಿಡಿಯದವರ ಕಡೆ ತಿರುಗೋಣ. ಭಾರತದ ರಣಹದ್ದುಗಳಷ್ಟು ದುಃಖದ ಉದಾಹರಣೆ ಬೇರೆ ಇಲ್ಲ. 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99.9ರಷ್ಟು ಕಡಿಮೆಯಾಯಿತು. ಉದ್ದಕೊಕ್ಕಿನ ರಣಹದ್ದು ಸುಮಾರು 97ರಷ್ಟು. ಜಾನುವಾರುಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ ಹೆಣದಲ್ಲಿ ಉಳಿದು, ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಲ್ಲುತ್ತಿದೆ ಎಂಬುದು 2004ರಲ್ಲಿ ಪ್ರಕಟವಾಯಿತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಯುಕ್ತವಾಗಿದ್ದರೂ ಈ ಮಟ್ಟದ ಕುಸಿತಕ್ಕೆ ಸಾಕು ಎಂದು ಲೆಕ್ಕ ತೋರಿಸಿತು. ಇಷ್ಟು ಕಠೋರವಾದ ಆಯ್ಕೆ ನಡೆದಿರುವಾಗ ತಾಳಬಲ್ಲ ಹದ್ದುಗಳು ಏಕೆ ಮೇಲೆ ಬರಲಿಲ್ಲ ಎಂದು ಕೇಳಬಹುದು. ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ಗೂಡು ಕಟ್ಟಲು ಸುಮಾರು ಐದು ವರ್ಷ. ಕುಸಿತದ ಆ 15 ವರ್ಷ ಹದ್ದಿನ ಲೆಕ್ಕದಲ್ಲಿ ಎರಡು ಮೂರು ತಲೆಮಾರು ಮಾತ್ರ. ಮೀನಿಗಿರುವಂತೆ ಹೇಗಿದ್ದರೂ ಸಾಯುವ ನೂರಾರು ಮರಿಗಳ ಹೆಚ್ಚುವರಿ ಇಲ್ಲಿಲ್ಲ. ಹದ್ದಿನ ಬದುಕಿನ ಆಧಾರವೇ ದೀರ್ಘಾಯುಷ್ಯ, ವಿಷ ಹೊಡೆದದ್ದು ಅದನ್ನೇ. ಉಳಿದ ಸಾವಿರಕ್ಕೊಂದು ಹದ್ದು ವಿಷ ತಾಳಿದ್ದರಿಂದ ಉಳಿಯಿತು ಎನ್ನುವುದಕ್ಕಿಂತ ವಿಷದ ಹೆಣ ಅದಕ್ಕೆ ಎದುರಾಗಲಿಲ್ಲ ಎನ್ನುವುದೇ ಹೆಚ್ಚು ಸರಿ. ಅದೃಷ್ಟದಿಂದ ಉಳಿದವನು ಮಕ್ಕಳಿಗೆ ಅದೃಷ್ಟವನ್ನು ದಾಟಿಸಲಾರ. ಇಂಥ ಜೀವಿಗೆ ಮದ್ದು ಒಂದೇ: ವಿಷವನ್ನು ನಿಲ್ಲಿಸುವುದು. 2006ರಲ್ಲಿ ಪಶುಗಳಿಗೆ ಆ ಔಷಧವನ್ನು ನಿಷೇಧಿಸಿದ್ದು, ಮೆಲಾಕ್ಸಿಕಾಮ್ ಎಂಬ ಸುರಕ್ಷಿತ ಔಷಧವನ್ನು ಬಳಕೆಗೆ ತಂದದ್ದು, 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಎಂದು ಘೋಷಿಸಿದ್ದು ಇವೆಲ್ಲ ಆ ದಾರಿಯ ಹೆಜ್ಜೆಗಳು.

ಇದಕ್ಕೆ ತದ್ವಿರುದ್ಧವಾದ ಕಥೆಯನ್ನು ನಮ್ಮ ಹತ್ತಿ ಬೆಳೆಗಾರರು ನಷ್ಟ ಉಂಡು ಕಲಿತಿದ್ದಾರೆ. ಹುಳು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ಜೀನು ಸೇರಿಸಿದ ಬಿಟಿ ಹತ್ತಿ 2002ರಲ್ಲಿ ಭಾರತಕ್ಕೆ ಬಂದಾಗ ಗುಲಾಬಿ ಕಾಯಿಕೊರಕ ಹುಳುವಿನ ಪಾಲಿಗೆ ಅದು ಪರಿಸರವಿಡೀ ವಿಷವಾದಂತೆ. ಎರಡು ಜೀನಿನ ಬಿಟಿ 2006ರಲ್ಲಿ ಬಂತು. 2009ರ ಬೆಳೆಯಲ್ಲಿ ಗುಜರಾತಿನಲ್ಲಿ ಮೊದಲ ಜೀನಿಗೆ ಬಗ್ಗದ ಹುಳು ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಎರಡೂ ಜೀನಿನ ಹತ್ತಿಯ ಕಾಯೊಳಗೆ ಹುಳು ಆರಾಮವಾಗಿ ಬೆಳೆಯತೊಡಗಿತು. ರಾಯಚೂರು ಸೀಮೆಯ ಹೊಲಗಳೂ ಹೊರತಾಗಲಿಲ್ಲ. ಕುಸಿದ ಸಂತತಿಯನ್ನು ವಿಕಾಸ ಎತ್ತಿ ನಿಲ್ಲಿಸುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ, ಎತ್ತಿ ನಿಲ್ಲಿಸಿದ್ದು ನಮಗೆ ಬೇಡವಾದವನನ್ನು ಅಷ್ಟೆ. ಬಿಟಿ ಬೀಜದ 450 ಗ್ರಾಂ ಪೊಟ್ಟಣದ ಜೊತೆ 120 ಗ್ರಾಂ ಬಿಟಿಯಲ್ಲದ ಬೀಜ ಕೊಡುತ್ತಿದ್ದದ್ದು ಹೊಲದ ಅಂಚಿನಲ್ಲಿ ಬಿತ್ತಲೆಂದು. ಆ ಸಾಲುಗಳಲ್ಲಿ ಬೆಳೆದ ಮಾಮೂಲಿ ಪತಂಗಗಳು ವಿಷ ತಾಳುವ ಅಪರೂಪದ ಪತಂಗಗಳ ಜೊತೆ ಕೂಡಿ ಆ ಜೀನನ್ನು ತೆಳುಗೊಳಿಸಲಿ ಎಂಬುದು ಉದ್ದೇಶ. ನಮ್ಮಲ್ಲಿ ಬಹಳಷ್ಟು ಹೊಲಗಳಲ್ಲಿ ಆ ಬೀಜ ನೆಲ ಕಾಣಲಿಲ್ಲ. ಚಿಕ್ಕ ಹಿಡುವಳಿಯ ರೈತ ಹುಳುವಿಗೆಂದು ಸಾಲು ಬಿಡಲಿ ಎಂದು ನಿರೀಕ್ಷಿಸಿ, ಅದು ಏಕೆಂದು ಅವನಿಗೆ ತಿಳಿಸದೆ ಹೋದದ್ದು ವ್ಯವಸ್ಥೆಯ ತಪ್ಪು. ಅಮೆರಿಕದ ಆರಿಜೋನಾದಲ್ಲಿ ಈ ಸಾಲುಗಳನ್ನು ಕಟ್ಟುನಿಟ್ಟಾಗಿ ಉಳಿಸಿ, ಆಮೇಲೆ ಬಂಜೆ ಮಾಡಿದ ಪತಂಗಗಳನ್ನು ಕೋಟಿಗಟ್ಟಲೆ ಬಿಟ್ಟರು. 2018ರಲ್ಲಿ ಆ ದೇಶ ತನ್ನ ಹತ್ತಿ ಹೊಲಗಳಿಂದ ಈ ಹುಳು ನಿರ್ಮೂಲವಾಯಿತೆಂದು ಘೋಷಿಸಿತು. ಹೊಲದಲ್ಲಿ ವಿಕಾಸದ ಆಸರೆಯನ್ನು ತಡೆಯುವ ಲೆಕ್ಕವೂ ಕಾಡಿನಲ್ಲಿ ಅದನ್ನು ಒದಗಿಸುವ ಲೆಕ್ಕವೂ ಒಂದೇ. ಯಾವ ಜೀನು, ಎಷ್ಟು ಮಂದಿಯಲ್ಲಿ, ಯಾರ ಜೊತೆ ಕೂಡಿ, ಎಷ್ಟು ತಲೆಮಾರಿನಲ್ಲಿ ಎಂಬ ನಾಲ್ಕು ಪ್ರಶ್ನೆ ಎರಡೂ ಕಡೆ ಇವೆ. ಕೃಷಿ ವಿಜ್ಞಾನಿಗಳು ದಶಕಗಳಿಂದ ಕೇಳುತ್ತ ಬಂದ ಈ ಪ್ರಶ್ನೆಗಳನ್ನು ವನ್ಯಜೀವಿ ಯೋಜನೆಗಳು ಇನ್ನೂ ಗಟ್ಟಿಯಾಗಿ ಕೇಳುತ್ತಿಲ್ಲ.

ಕೇಳಿದರೆ ಏನು ಮಾಡಬಹುದು ಎಂಬುದಕ್ಕೆ ಮತ್ತೆ ಮೀನಿನ ಬಳಿಗೇ ಹೋಗಬೇಕು. ಟೆಕ್ಸಸ್‌ನ ಹ್ಯೂಸ್ಟನ್ ಹಡಗು ಕಾಲುವೆಯಲ್ಲಿ ಇರುವುದು ಬೇರೆ ಪ್ರಭೇದ, ಗಲ್ಫ್ ಕಿಲ್ಲಿಫಿಶ್. ಅದೂ ವಿಷಕ್ಕೆ ಒಗ್ಗಿದೆ. 2019ರಲ್ಲಿ ಅದರ ಜೀನೋಮ್ ಓದಿದಾಗ ತಾಳಿಕೆಯ ಮುಖ್ಯ ಜೀನು ಅದರ ಸ್ವಂತದ್ದಲ್ಲ ಎಂದು ಗೊತ್ತಾಯಿತು. ಎರಡು ಸಾವಿರ ಕಿಲೋಮೀಟರಿಗೂ ದೂರದ ಅಟ್ಲಾಂಟಿಕ್ ಕಿಲ್ಲಿಫಿಶ್ ಹೇಗೋ ಅಲ್ಲಿಗೆ ಬಂದು, ಬಹುಶಃ ಹಡಗಿನ ತಳದ ನೀರಿನಲ್ಲಿ ಸಾಗಿ, ಸ್ಥಳೀಯ ಮೀನಿನೊಂದಿಗೆ ಕೂಡಿ, ತನ್ನ ಜೀನನ್ನು ಕೊಟ್ಟುಹೋಗಿತ್ತು. ಆಕಸ್ಮಿಕವಾಗಿ ನಡೆದ ಇದನ್ನು ಮನುಷ್ಯರು ಉದ್ದೇಶಪೂರ್ವಕವಾಗಿ ಮಾಡಿದ್ದೂ ಉಂಟು. ಫ್ಲಾರಿಡಾದ ಪ್ಯೂಮಾಗಳು 20-30ಕ್ಕೆ ಇಳಿದು, ಒಳಸಂಬಂಧದಿಂದ ಬಾಲ ಸೊಟ್ಟಗಾಗಿ, ಹೃದಯದಲ್ಲಿ ದೋಷ ಕಾಣಿಸಿಕೊಂಡಾಗ 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣುಗಳನ್ನು ತಂದು ಬಿಟ್ಟರು. ಸಂಖ್ಯೆ ಮೂರು ಪಟ್ಟಾಯಿತು. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ ಶಿಲೀಂಧ್ರ ರೋಗದಿಂದ ಹಳದಿಗಾಲಿನ ಕಪ್ಪೆಗಳು ಅಳಿದ ಕೊಳಗಳಿಗೆ, ರೋಗದ ನಡುವೆಯೇ ಚೇತರಿಸಿಕೊಂಡ ಕೊಳಗಳ ಕಪ್ಪೆಗಳನ್ನು ಒಯ್ದು ಬಿಟ್ಟರು. ರೋಗ ಅಲ್ಲೇ ಇದ್ದರೂ ಹಲವು ಕೊಳಗಳಲ್ಲಿ ಹೊಸ ಸಂತತಿ ನೆಲೆಯೂರಿದೆ. ಹೀಗೆ ಬೆರೆಸಿದರೆ ಸ್ಥಳೀಯ ತಳಿಯ ವೈಶಿಷ್ಟ್ಯ ಹಾಳಾಗುವುದಿಲ್ಲವೇ ಎಂಬ ಆತಂಕಕ್ಕೆ ಆಧಾರವಿದೆ. ತೀರ ದೂರದ ತಳಿಗಳು ಕೂಡಿದಾಗ ಮರಿಗಳು ದುರ್ಬಲವಾಗುವುದೂ ಉಂಟು. ಆದ್ದರಿಂದ ಹತ್ತಿರದ, ಇತ್ತೀಚೆಗಷ್ಟೇ ಬೇರ್ಪಟ್ಟ ಗುಂಪುಗಳನ್ನು ಮೊದಲು ಬೆಸೆಯಬೇಕು. ರಸ್ತೆ, ಅಣೆಕಟ್ಟು, ತೋಟಗಳು ಕತ್ತರಿಸುವ ಮೊದಲು ಅವು ಹೇಗೂ ಬೆರೆಯುತ್ತಿದ್ದವು.

ಕೊನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುವಂಥದ್ದು. ಜೀವಿಗಳು ತಾವೇ ಹೊಂದಿಕೊಳ್ಳುತ್ತವೆ ಎಂದು ಬರೆದರೆ, ವಿಷ ಸುರಿಯುವವರ ಕೈಗೆ ನೆಪ ಕೊಟ್ಟಂತಾಗದೇ? ಕಿಲ್ಲಿಫಿಶ್ ಅಧ್ಯಯನ ಮಾಡಿದವರೇ ಇದಕ್ಕೆ ಉತ್ತರಿಸಿದ್ದಾರೆ. ಬೆನ್ನೆಲುಬಿರುವ ಪ್ರಾಣಿಗಳಲ್ಲೇ ಅತಿ ಹೆಚ್ಚು ಆನುವಂಶಿಕ ವೈವಿಧ್ಯ ಇರುವವುಗಳಲ್ಲಿ ಈ ಮೀನೂ ಒಂದು. ನಾವು ಉಳಿಸಬಯಸುವ ಹೆಚ್ಚಿನ ಜೀವಿಗಳಿಗೆ ಆ ಸಿರಿ ಇಲ್ಲ. ಅದು ಪಾರಾದದ್ದನ್ನು ಕಂಡು ಉಳಿದವೂ ಪಾರಾಗುತ್ತವೆ ಎನ್ನುವುದು, ಈಜು ಬಲ್ಲ ಒಬ್ಬ ದಡ ಸೇರಿದನೆಂದು ಊರಿನವರನ್ನೆಲ್ಲ ಹೊಳೆಗೆ ನೂಕಿದಂತೆ. ಈ ವಿಜ್ಞಾನ ಹೇಳುವುದು ನೆಪಕ್ಕೆ ಪೂರ್ತಿ ಎದುರಾದ ಮಾತನ್ನು: ಬದಲಾವಣೆ ನಿಧಾನವಾದಷ್ಟೂ, ಸಂಖ್ಯೆ ದೊಡ್ಡದಿದ್ದಷ್ಟೂ ಪಾರಾಗುವವರು ಹೆಚ್ಚು. ಆದ್ದರಿಂದ ವಿಷವನ್ನೂ ತಾಪವನ್ನೂ ತಗ್ಗಿಸಿದ ಪ್ರತಿ ವರ್ಷವೂ ವಿಕಾಸಕ್ಕೆ ಕೊಟ್ಟ ಕಾಲಾವಕಾಶ.

ನಮ್ಮ ರಕ್ಷಣೆಯ ಕ್ರಮದಲ್ಲಿರುವ ಕೊರತೆ ಇಲ್ಲೇ ಕಾಣುತ್ತದೆ. ಒಂದು ಜೀವಿ ಲಕ್ಷದಿಂದ ಹತ್ತು ಸಾವಿರಕ್ಕೆ ಇಳಿಯುವಾಗ ಯಾರ ಗಮನವೂ ಅತ್ತ ಇರುವುದಿಲ್ಲ, ನೂರಕ್ಕೆ ಇಳಿದಾಗ ಧಾಮ, ಅನುದಾನ, ಕಾವಲು ಎಲ್ಲ ಬರುತ್ತವೆ. ಆದರೆ ತಾನಾಗಿ ಬದಲಾಗುವ ಶಕ್ತಿ ಆ ಜೀವಿಯಲ್ಲಿ ಇದ್ದದ್ದು ಲಕ್ಷವಿದ್ದಾಗ. ಇಂದು ಗದ್ದೆಯಂಚಿನಲ್ಲಿ ಸಾಮಾನ್ಯವಾಗಿರುವ ಕಪ್ಪೆ, ಕೆರೆಯ ಚಿಕ್ಕ ಮೀನು, ಕುರುಚಲು ಕಾಡಿನ ಹಕ್ಕಿ ಇವನ್ನು ಎಣಿಸುವ ಕೆಲಸ ಈಗಲೇ ಶುರುವಾಗಬೇಕು. ಅವುಗಳ ನೆಲೆಗಳ ನಡುವಿನ ತೊರೆ, ಬೇಲಿಸಾಲು, ಹಾಳುಬಿದ್ದ ತೋಪುಗಳನ್ನು ಈಗಲೇ ಉಳಿಸಿಕೊಳ್ಳಬೇಕು. ನ್ಯೂ ಬೆಡ್‌ಫೋರ್ಡಿನ ಮೀನನ್ನು ಕಾಪಾಡಿದ ಜೀನು, ಮೊದಲ ಕಾರ್ಖಾನೆಯ ಕೊಳವೆ ತೆರೆಯುವುದಕ್ಕೆ ಮುಂಚೆಯೇ ಆ ನೀರಿನಲ್ಲಿ ಈಜುತ್ತಿತ್ತು.